ಕ್ವಾಲಾಲಂಪುರ – ಸಿಂಗಪುರ: ನಿಜವಾದ ದೂರ ಎಷ್ಟು, ವಿಮಾನಕ್ಕೆ ಎಷ್ಟು ಹೊತ್ತು?

#1 ಪಯಣದ ಪಟ್ಟಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಕ್ವಾಲಾಲಂಪುರ, ಅಲ್ಲಿ ಮೂರು ದಿನ, ಆಮೇಲೆ ಸಿಂಗಪುರ, ಅಲ್ಲಿಂದ ನೇರವಾಗಿ ಬೆಂಗಳೂರಿಗೆ ವಾಪಸ್. ಇದು ಯೋಜನೆ. ಒಟ್ಟು ಆರು ಜನ, ಅದರಲ್ಲಿ ಎಪ್ಪತ್ತು ದಾಟಿದವರು ಇಬ್ಬರು, ಐದು ವರ್ಷದ ಮಗು ಒಂದು.

ನಡುವಿನ ಕ್ವಾಲಾಲಂಪುರ–ಸಿಂಗಪುರ ತುಂಡಿನಲ್ಲೇ ಗೊಂದಲ. ದೂರ ಒಂದು ಕಡೆ 297 ಕಿ.ಮೀ., ಇನ್ನೊಂದು ಕಡೆ 316, ಮತ್ತೊಂದು ಕಡೆ 350. ಹಾರಾಟದ ಸಮಯ ಒಂದು ತಾಣದಲ್ಲಿ 52 ನಿಮಿಷ, ಟಿಕೆಟ್ಟಿನಲ್ಲಿ 1 ಗಂಟೆ 10 ನಿಮಿಷ, ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ 43 ನಿಮಿಷ. ಯಾವುದನ್ನು ನಂಬಿ ಆ ದಿನದ ಪಟ್ಟಿ ಹಾಕಬೇಕು? ಇಷ್ಟು ಹತ್ತಿರಕ್ಕೆ ವಿಮಾನ ಯಾಕೆ, ಬಸ್ಸೇ ವಾಸಿ ಅನ್ನುವವರೂ ಇದ್ದಾರೆ. ಗೊತ್ತಿದ್ದವರು ಬಿಡಿಸಿ ಹೇಳಿ.

#2 ಅಕ್ಷಾಂಶ ರೇಖಾಂಶ

ಮೇಡಂ, ನೀವು ಕೊಟ್ಟ ಮೂರೂ ದೂರಗಳು ಸರಿಯೇ. ಅಳೆದ ತುದಿಗಳು ಬೇರೆ ಬೇರೆ, ಅಷ್ಟೇ.

ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 297. ಲೆಕ್ಕ ಸುಲಭ, ನೀವೇ ಮಾಡಿ ನೋಡಬಹುದು. ಕ್ವಾಲಾಲಂಪುರದ ವಿಮಾನ ನಿಲ್ದಾಣ ಕೆಎಲ್ಐಎ ಇರುವುದು 2.75 ಡಿಗ್ರಿ ಉತ್ತರ, 101.71 ಡಿಗ್ರಿ ಪೂರ್ವದಲ್ಲಿ. ಸಿಂಗಪುರದ ನಿಲ್ದಾಣ ಚಾಂಗಿ 1.35 ಉತ್ತರ, 103.99 ಪೂರ್ವ. ಅಕ್ಷಾಂಶದ ಅಂತರ 1.40, ರೇಖಾಂಶದ ಅಂತರ 2.28. ಎರಡೂ ಊರು ಸಮಭಾಜಕ ವೃತ್ತದ ಮಗ್ಗುಲಲ್ಲೇ ಇರುವುದರಿಂದ ರೇಖಾಂಶಗಳು ಇಲ್ಲಿ ಇನ್ನೂ ಒತ್ತಾಗಿಲ್ಲ. ಹಾಗಾಗಿ ಭೂಮಿಯ ಬಾಗನ್ನು ಬಿಟ್ಟು, ಶಾಲೆಯ ಪೈಥಾಗೊರಸ್ ಪ್ರಮೇಯ ಹಾಕಿದರೂ ಸಾಕು: 1.40ರ ವರ್ಗ, 2.28ರ ವರ್ಗ, ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 2.68 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಅಂತ ಗುಣಿಸಿದರೆ 297–298. ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ 160. ಬೆಂಗಳೂರು–ದೆಹಲಿಗೆ ಈ ಅಡ್ಡದಾರಿ ಹಿಡಿಯಬೇಡಿ, ಅಲ್ಲಿ ರೇಖಾಂಶದ ಅಂತರವನ್ನು ಕೊಸೈನ್‌ನಿಂದ ತಗ್ಗಿಸದಿದ್ದರೆ ಉತ್ತರ ತಪ್ಪುತ್ತದೆ.

316 ಬರುವುದು ಊರ ನಡುವಿನಿಂದ ಊರ ನಡುವಿಗೆ, ಅಂದರೆ ಪೆಟ್ರೋನಾಸ್ ಗೋಪುರದಿಂದ ಸಿಂಗಪುರದ ಮರ್ಲಯನ್ ಪ್ರತಿಮೆಗೆ ಅಳೆದಾಗ. ಕೆಎಲ್ಐಎ ನಗರದಿಂದ ದಕ್ಷಿಣಕ್ಕೆ, ಸೆಪಾಂಗ್‌ನಲ್ಲಿದೆ. ರೈಲು ದಾರಿಯಲ್ಲಿ 57 ಕಿ.ಮೀ. ಅಂದರೆ ವಿಮಾನ ಹತ್ತುವ ಮೊದಲೇ ನೀವು ಸಿಂಗಪುರದ ಕಡೆಗೆ ಒಂದಿಷ್ಟು ದೂರ ಬಂದಿರುತ್ತೀರಿ.

350 ರಸ್ತೆಯ ದೂರ. ನಮ್ಮವರಿಗೆ ಹೇಳುವುದಾದರೆ ಇದು ಬೆಂಗಳೂರು–ಮಂಗಳೂರು: ರಸ್ತೆಯಲ್ಲಿ 350ರ ಆಸುಪಾಸು, ವಿಮಾನ ನಿಲ್ದಾಣಗಳ ನಡುವೆ 306. ಎರಡೂ ಲೆಕ್ಕದಲ್ಲಿ ಇಷ್ಟು ಹತ್ತಿರದ ಹೋಲಿಕೆ ಬೇರೆ ಸಿಗಲಿಕ್ಕಿಲ್ಲ. ಶಿರಾಡಿ ಘಾಟಿ ಮಾತ್ರ ಅಲ್ಲಿಲ್ಲ. ಅದರ ಜಾಗದಲ್ಲಿ ಗಡಿ ಇದೆ.

#3 ಇಳಿಹಾದಿ

ದೂರದ ವಿಷಯ ಮೇಲಿನವರು ಮುಗಿಸಿದ್ದಾರೆ. ಸಮಯದ ಮೂರು ಅಂಕಿಗಳನ್ನು ನಾನು ಬಿಡಿಸುತ್ತೇನೆ.

52 ನಿಮಿಷ ಒಂದು ಸೂತ್ರದ ಉತ್ತರ. ದೂರ ತೋರಿಸುವ ಎಷ್ಟೋ ತಾಣಗಳು ದೂರವನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ, ಏರಿಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತವೆ. 297 ಭಾಗಿಸು 800 ಅಂದರೆ 22 ನಿಮಿಷ, ಅದಕ್ಕೆ 30, ಒಟ್ಟು 52. ಅದರಲ್ಲಿ ರನ್‌ವೇ ಇಲ್ಲ, ಮಳೆ ಇಲ್ಲ, ಮುಂದೆ ಸಾಲಾಗಿ ನಿಂತ ವಿಮಾನಗಳೂ ಇಲ್ಲ.

43 ನಿಮಿಷ ಗಾಳಿಯಲ್ಲಿದ್ದ ಹೊತ್ತು: ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ. ಈ ಮಾರ್ಗದಲ್ಲಿ 40ರಿಂದ 45 ನಿಮಿಷ ಸಾಮಾನ್ಯ.

1 ಗಂಟೆ 10 ನಿಮಿಷವನ್ನು ವಿಮಾನಯಾನದವರು ಬ್ಲಾಕ್ ಟೈಮ್ ಅನ್ನುತ್ತಾರೆ. ವಿಮಾನ ಗೇಟಿನಿಂದ ಹಿಂದೆ ಸರಿದಾಗಿನಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ. ವೇಳಾಪಟ್ಟಿಯಲ್ಲಿ, ಟಿಕೆಟ್ಟಿನಲ್ಲಿ ಅಚ್ಚಾಗುವುದು ಇದೇ. ಸಂಸ್ಥೆ, ಹೊತ್ತು ನೋಡಿಕೊಂಡು 1 ಗಂಟೆ 5 ನಿಮಿಷದಿಂದ 1 ಗಂಟೆ 20 ನಿಮಿಷದವರೆಗೆ ಇಟ್ಟಿರುತ್ತಾರೆ. ನಿಮ್ಮ ಪಟ್ಟಿಗೆ ಇದನ್ನೇ ತೆಗೆದುಕೊಳ್ಳಿ.

ಜೆಟ್ ವಿಮಾನಕ್ಕೆ 300 ಕಿ.ಮೀ.ಗೆ 43 ನಿಮಿಷ ಯಾಕೆ ಬೇಕು ಅನ್ನುವುದು ಇದರಲ್ಲಿ ನಿಜವಾಗಿ ಸ್ವಾರಸ್ಯದ ಭಾಗ. ಇಳಿಯುವಾಗ ವಿಮಾನ ಸುಮಾರು 3 ಡಿಗ್ರಿ ಇಳಿಜಾರು ಹಿಡಿಯುತ್ತದೆ. ಪೈಲಟ್‌ಗಳ ಬಾಯಿಲೆಕ್ಕ ಏನೆಂದರೆ, ಎತ್ತರವನ್ನು ಸಾವಿರ ಅಡಿಯಲ್ಲಿ ಇಟ್ಟುಕೊಂಡು ಮೂರರಿಂದ ಗುಣಿಸಿದರೆ ಎಷ್ಟು ನಾಟಿಕಲ್ ಮೈಲಿ ಮೊದಲು ಇಳಿಯಲು ಶುರು ಮಾಡಬೇಕೋ ಅದು ಸಿಗುತ್ತದೆ. 24,000 ಅಡಿಗೆ 72 ಮೈಲಿ. ವೇಗ ತಗ್ಗಿಸಲು ಇನ್ನೊಂದು 8–10 ಸೇರಿಸಿ. ಅಷ್ಟೇ ಎತ್ತರಕ್ಕೆ ಏರಲು 65–70 ಮೈಲಿ ಹೋಗುತ್ತದೆ. ಒಟ್ಟು 150. ಇರುವ ದೂರವೇ 160! ಮಟ್ಟಸವಾಗಿ ಹಾರುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಏರಿದ್ದೇ ಇಳಿದ ಹಾಗೆ. ಇದರ ಜೊತೆಗೆ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ವೇಗದ ಮಿತಿ. ಹೀಗಾಗಿ 800–850ರಲ್ಲಿ ಓಡಬಲ್ಲ ಯಂತ್ರದ ಸರಾಸರಿ ಇಲ್ಲಿ 400–440ಕ್ಕೆ ಬಂದು ನಿಲ್ಲುತ್ತದೆ.

ನೇರ ಗೆರೆಯಲ್ಲಿ ಹಾರುವುದೂ ಇಲ್ಲ. ಹೊರಡುವ ದಾರಿ, ಬರುವ ದಾರಿ ಎರಡಕ್ಕೂ ಗೊತ್ತುಪಡಿಸಿದ ತಿರುವುಗಳಿವೆ. ಚಾಂಗಿಯ ರನ್‌ವೇಗಳು 02/20 ದಿಕ್ಕಿನವು, ಅಂದರೆ ಹೆಚ್ಚುಕಡಿಮೆ ಉತ್ತರ–ದಕ್ಷಿಣ. ಕ್ವಾಲಾಲಂಪುರದ ವಿಮಾನ ವಾಯವ್ಯದಿಂದ ಬರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯ ಮಾರುತ ಬೀಸುವಾಗ ಗಾಳಿಗೆ ಎದುರಾಗಿ, ಉತ್ತರಕ್ಕೆ ಮುಖ ಮಾಡಿ ಇಳಿಯಬೇಕು. ಅದಕ್ಕೆ ದ್ವೀಪದ ದಕ್ಷಿಣಕ್ಕೆ ಸುತ್ತಿಕೊಂಡು ಬರಬೇಕಾಗುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಉತ್ತರದಿಂದಲೇ ನೇರ ಇಳಿಯುತ್ತದೆ. ಆ್ಯಪ್‌ನಲ್ಲಿ ಒಂದು ದಿನ 38, ಇನ್ನೊಂದು ದಿನ 50 ಕಂಡರೆ ಅರ್ಧ ಕಾರಣ ಇದೇ.

#4 ಕೆರೆದಂಡೆ

ಹಾಗಾದರೆ ರೆಕ್ಕೆಗೆ ಪ್ರೊಪೆಲ್ಲರ್ ಇರುವ ಎಟಿಆರ್ ಸಿಕ್ಕರೆ ದುಪ್ಪಟ್ಟು ಹೊತ್ತು ಆಗುತ್ತದಾ? ಅದರ ವೇಗ ಜೆಟ್‌ನ ಅರ್ಧ ಅಲ್ಲವೇ?

#5 ಇಳಿಹಾದಿ

ಇಲ್ಲ. ಎಟಿಆರ್ 72ರ ವೇಗ ಗಂಟೆಗೆ 510 ಕಿ.ಮೀ.ಯಷ್ಟು. ಮೇಲೆ ಹೇಳಿದ ಹಾಗೆ ಜೆಟ್ ತನ್ನ ಪೂರ್ತಿ ವೇಗ ಮುಟ್ಟುವುದೇ ಇಲ್ಲವಾದ್ದರಿಂದ 300 ಕಿ.ಮೀ.ಗೆ ವ್ಯತ್ಯಾಸ 10–15 ನಿಮಿಷ ಮಾತ್ರ. ಹತ್ತಿರದ ಊರುಗಳಿಗೆ ಎಟಿಆರ್ ಹಾಕುವುದರ ಲೆಕ್ಕವೂ ಇದೇ: ಸಮಯ ಸ್ವಲ್ಪವೇ ಹೆಚ್ಚು, ಇಂಧನ ಬಹಳ ಕಡಿಮೆ.

#6 ಪೆಟಾಲಿಂಗ್ ಪೇಟೆ

ಕೆಎಲ್, ಅಂದರೆ ಕ್ವಾಲಾಲಂಪುರದ ಕಡೆಯ ವಿಷಯ ನಾನು ಬರೆಯುತ್ತೇನೆ. ಕೆಎಲ್ಐಎಯಲ್ಲಿ ಎರಡು ಟರ್ಮಿನಲ್. ಏರ್ ಏಷ್ಯಾ ಟರ್ಮಿನಲ್ 2; ಮಲೇಷ್ಯಾ ಏರ್‌ಲೈನ್ಸ್, ಸಿಂಗಪುರ್ ಏರ್‌ಲೈನ್ಸ್, ಸ್ಕೂಟ್, ಬಾಟಿಕ್ ಟರ್ಮಿನಲ್ 1. ತಪ್ಪು ಟರ್ಮಿನಲ್‌ಗೆ ಹೋದರೆ ಗಾಬರಿ ಬೇಡ, ನಡುವೆ ರೈಲು 3 ನಿಮಿಷ, 2 ರಿಂಗಿಟ್ (ಮಲೇಷ್ಯಾದ ಹಣ). ರೈಲಿಗಾಗಿ ಕಾಯುವುದು, ಲಿಫ್ಟ್, ನಡಿಗೆ ಸೇರಿ 25–30 ನಿಮಿಷ ಹೋಗುತ್ತದೆ ಅನ್ನುವುದು ನೆನಪಿರಲಿ.

ಕೆಎಲ್ ಸೆಂಟ್ರಲ್‌ನಿಂದ ಕೆಎಲ್ಐಎ ಎಕ್ಸ್‌ಪ್ರೆಸ್ ರೈಲು ಟರ್ಮಿನಲ್ 1ಕ್ಕೆ 28 ನಿಮಿಷ, 2ಕ್ಕೆ 33. ತಲೆಗೆ 55 ರಿಂಗಿಟ್. ಒಬ್ಬಿಬ್ಬರಿಗೆ ಇದೇ ಸರಿ. ನೀವು ದೊಡ್ಡವರೇ ಐದು ಜನ, 275 ರಿಂಗಿಟ್ ಆಗುತ್ತದೆ. ಗ್ರ್ಯಾಬ್ ಆ್ಯಪ್‌ನಲ್ಲಿ ಕರೆಯುವ ಆರು ಸೀಟಿನ ವ್ಯಾನ್ ಅದಕ್ಕಿಂತ ಬಹಳ ಅಗ್ಗ, ಹೋಟೆಲ್ ಬಾಗಿಲಿಗೇ ಬರುತ್ತದೆ, ವಯಸ್ಸಾದವರು ಸೂಟ್‌ಕೇಸ್ ಎಳೆಯಬೇಕಿಲ್ಲ. ಒಂದು ಗಂಟೆಯ ದಾರಿ. ಕೆಲಸದ ದಿನ ಬೆಳಗ್ಗೆ 7ರಿಂದ 9, ಸಂಜೆ 5ರಿಂದ 8 ಆದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಟರ್ಮಿನಲ್ 2ರಲ್ಲಿ ಜನ ಎಡವುವುದು ನಡಿಗೆಯಲ್ಲಿ. ಭದ್ರತೆ, ಇಮಿಗ್ರೇಶನ್ ಮುಗಿಸಿ ಅತಿ ದೂರದ ಗೇಟಿಗೆ ಸೇತುವೆ ದಾಟಿ ಹೋಗಲು ಚುರುಕಾಗಿ ನಡೆಯುವವರಿಗೇ 15–20 ನಿಮಿಷ. ಹಿರಿಯರಿಗೆ ವೀಲ್‌ಚೇರ್ ಬೇಕಿದ್ದರೆ 48 ಗಂಟೆ ಮೊದಲೇ ಬುಕಿಂಗ್‌ನಲ್ಲಿ ಹಾಕಿಸಿ. ಅಲ್ಲಿಗೆ ಹೋಗಿ ಕೇಳಿದರೆ ಸಿಗಬಹುದು, ಆದರೆ ಕಾಯಿಸುತ್ತಾರೆ.

ಸುಬಾಂಗ್ ಅಂತ ಇನ್ನೊಂದು ವಿಮಾನ ನಿಲ್ದಾಣವೂ ಇದೆ, ನಗರಕ್ಕೆ ಇದು ಬಹಳ ಹತ್ತಿರ. 2024ರಿಂದ ಅಲ್ಲಿ ಮತ್ತೆ ಜೆಟ್‌ಗಳಿಗೆ ಅವಕಾಶ ಕೊಟ್ಟಿದ್ದಾರೆ. ಟಿಕೆಟ್ ಹುಡುಕುವಾಗ ಬರೀ ಕೆಎಲ್ಐಎಯ ಸಂಕೇತ ಕೆಯುಎಲ್ ಅಂತ ಹಾಕಬೇಡಿ, ಸುಬಾಂಗ್‌ನ ಸಂಕೇತ ಎಸ್‌ಜೆಡ್‌ಬಿ ಅಂತಲೂ ಹಾಕಿ ನೋಡಿ. ನೀವು ಹೋಗುವ ದಿನ ಸಿಂಗಪುರಕ್ಕೆ ಅಲ್ಲಿಂದ ಹೊಂದುವ ವಿಮಾನ ಇದ್ದರೆ ನೆಲದ ಮೇಲಿನ ಹೊತ್ತು ಚೆನ್ನಾಗಿ ಉಳಿಯುತ್ತದೆ.

#7 ಅಕ್ಷಾಂಶ ರೇಖಾಂಶ

ಅದಕ್ಕೆ ಒಂದು ಅಂಕಿ ಸೇರಿಸುತ್ತೇನೆ. ಸುಬಾಂಗ್–ಚಾಂಗಿ 336 ಕಿ.ಮೀ. ಆಕಾಶದಲ್ಲಿ ಸುಮಾರು 40 ಕಿ.ಮೀ. ಹೆಚ್ಚು, ನೆಲದಲ್ಲಿ ಅಷ್ಟೇ ಕಡಿಮೆ. ಆಕಾಶದ 40 ಕಿ.ಮೀ. ಎಂದರೆ ಮೂರ್ನಾಲ್ಕು ನಿಮಿಷ, ನೆಲದ 40 ಕಿ.ಮೀ. ಎಂದರೆ ಮುಕ್ಕಾಲು ಗಂಟೆ. ದೂರ ಹೆಚ್ಚಿರುವ ದಾರಿ ಬೇಗ ತಲುಪಿಸುವುದು ಹೀಗೆ.

#8 ಪೂರ್ವತೀರ

ಸಿಂಗಪುರದ ಕಡೆಯಿಂದ. ವಿಮಾನದ ಬಾಗಿಲು ತೆರೆದ ಮೇಲೆ ಹೋಟೆಲ್ ಸೇರುವವರೆಗಿನ ಲೆಕ್ಕ ಹೀಗೆ: ಇಳಿದು ಇಮಿಗ್ರೇಶನ್‌ವರೆಗೆ ನಡಿಗೆ 10–15 ನಿಮಿಷ, ಇಮಿಗ್ರೇಶನ್ 10–30, ಲಗೇಜ್ 15–20. ವಿದೇಶಿಯರಿಗೂ ಈಗ ಸ್ವಯಂಚಾಲಿತ ಗೇಟು, ಪಾಸ್‌ಪೋರ್ಟ್ ಒತ್ತಿ, ಮುಖ ತೋರಿಸಿ ದಾಟಬಹುದು, ಮೊದಲೇ ನೋಂದಣಿ ಬೇಡ. ಆದರೆ ಅದು 6 ವರ್ಷ ಮೇಲ್ಪಟ್ಟವರಿಗೆ. ನಿಮ್ಮ ಮಗುವಿಗೆ ಐದು, ಹಾಗಾಗಿ ಮಗುವಿನ ಜೊತೆ ಒಬ್ಬರು ಅಧಿಕಾರಿ ಕೂತಿರುವ ಕೌಂಟರಿಗೇ ಹೋಗಬೇಕು. ಎಲ್ಲರೂ ಗೇಟು ದಾಟಿಬಿಟ್ಟು ಮಗು ಮಾತ್ರ ಈಚೆ ಉಳಿಯುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಮುದ್ರೆ ಒತ್ತುವುದು ನಿಂತಿದೆ. ಎಷ್ಟು ದಿನ ಇರಬಹುದು ಅನ್ನುವುದು ಇಮೇಲ್‌ಗೆ ಬರುತ್ತದೆ. ಬರುವ ಮೊದಲು ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬುವಾಗ ಇಮೇಲ್ ವಿಳಾಸ ತಪ್ಪಿಲ್ಲದೆ ಹಾಕಿ.

ಚಾಂಗಿಯಿಂದ ನಗರಕ್ಕೆ ಮೆಟ್ರೋದಲ್ಲಿ 40–45 ನಿಮಿಷ, ತಾನಾ ಮೇರಾದಲ್ಲಿ ರೈಲು ಬದಲಿಸಬೇಕು. ಮೆಟ್ರೋ ನಿಲ್ದಾಣ ಇರುವುದು ಟರ್ಮಿನಲ್ 2 ಮತ್ತು 3ರ ಕೆಳಗೆ. ಏರ್ ಏಷ್ಯಾ ಬರುವ ಟರ್ಮಿನಲ್ 4ಕ್ಕೆ ಸ್ಕೈಟ್ರೇನ್ (ಟರ್ಮಿನಲ್‌ಗಳ ನಡುವೆ ಓಡುವ ರೈಲು) ಇಲ್ಲ, ಶಟಲ್ ಬಸ್ ಹಿಡಿಯಬೇಕು, ಅದಕ್ಕೆ 15–20 ನಿಮಿಷ ಬೇರೆ. ಆರು ಜನಕ್ಕೆ ಸಾಮಾನ್ಯ ಟ್ಯಾಕ್ಸಿ ಸಾಲದು, ಅದರಲ್ಲಿ ನಾಲ್ವರಿಗೇ ಜಾಗ. ಸಾಲಿನಲ್ಲಿ ಮ್ಯಾಕ್ಸಿಕ್ಯಾಬ್ ಕೇಳಿ. ಇನ್ನೊಂದು ಮುಖ್ಯ ವಿಷಯ: 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪ್‌ನ ಖಾಸಗಿ ಕಾರುಗಳಿಗೆ ಇಲ್ಲ. ಮಗುವನ್ನು ನೋಡಿ ಚಾಲಕರು ಒಲ್ಲೆ ಅನ್ನುವುದು ಈ ಕಾರಣಕ್ಕೆ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ.

#9 ಪಯಣದ ಪಟ್ಟಿ

ತುಂಬಾ ಉಪಕಾರ. ಹಾಗಾದರೆ ಮನೆ ಬಾಗಿಲಿಂದ ಬಾಗಿಲಿಗೆ ಕೂಡಿಸಿದರೆ ವಿಮಾನ ಮತ್ತು ಬಸ್ ಸರಿಸುಮಾರು ಒಂದೇ ಆಗುತ್ತದಲ್ಲ?

#10 ಹಳಿ ಮೇಲೆ

ಕೂಡಿಸೋಣ. ವಿಮಾನ: ನಗರದಿಂದ ನಿಲ್ದಾಣಕ್ಕೆ 1 ಗಂಟೆ, ಹೊರಡುವ ಮೊದಲು 2 ಗಂಟೆ (ಹಲವು ಸಂಸ್ಥೆಗಳು ಹೊರಡುವ 60 ನಿಮಿಷ ಮೊದಲೇ ಲಗೇಜ್ ಕೌಂಟರ್ ಮುಚ್ಚುತ್ತವೆ, ಅದಕ್ಕಿಂತ ಕಡಿಮೆ ಇಟ್ಟುಕೊಳ್ಳಲಾಗದು), ಬ್ಲಾಕ್ 1 ಗಂಟೆ 10 ನಿಮಿಷ, ಇಳಿದು ಹೊರಬರಲು 1 ಗಂಟೆ, ನಗರಕ್ಕೆ ಮುಕ್ಕಾಲು ಗಂಟೆ. ಒಟ್ಟು 6 ಗಂಟೆಗೆ ಐದೇ ನಿಮಿಷ ಕಡಿಮೆ. ಗಾಳಿಯಲ್ಲಿರುವ 43 ನಿಮಿಷ ಅದರ ಎಂಟನೇ ಒಂದು ಭಾಗವೂ ಅಲ್ಲ. ಕೈಚೀಲ ಮಾತ್ರ ಇರುವ ಒಬ್ಬಂಟಿಗರು ಇದನ್ನು ನಾಲ್ಕೂವರೆಗೆ ಇಳಿಸಬಹುದು.

ಬಸ್: ಗಡಿ ಸಲೀಸಾಗಿದ್ದ ದಿನ ಐದೂವರೆಯಿಂದ ಆರು ಗಂಟೆ. ಹೆಚ್ಚಿನವು ಟಿಬಿಎಸ್‌ನಿಂದ, ಅಂದರೆ ಬಂದಾರ್ ತಾಸಿಕ್ ಸೆಲಾತಾನ್‌ನ ದಕ್ಷಿಣ ಬಸ್ ನಿಲ್ದಾಣದಿಂದ ಹೊರಡುತ್ತವೆ. ಉತ್ತರ–ದಕ್ಷಿಣ ಹೆದ್ದಾರಿ ತುಂಬಾ ಚೆನ್ನಾಗಿದೆ, ಗಡಿಯ ಜೋಹರ್‌ವರೆಗೆ ತಕರಾರಿಲ್ಲ. ಆಮೇಲೆ ಎರಡು ದಾರಿ: 1924ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಕಾಸ್‌ವೇ (ನೀರಿಗೆ ಅಡ್ಡ ಕಟ್ಟಿದ ಏರಿದಾರಿ), ಇಲ್ಲವೇ 1998ರಲ್ಲಿ ತೆರೆದ ತುಆಸ್ ಸೇತುವೆ. ನಗರಕ್ಕೆ ಕಾಸ್‌ವೇ ಹತ್ತಿರ, ಆದರೆ ಕಿಕ್ಕಿರಿದಿರುವುದೂ ಅದೇ. ಟಿಕೆಟ್ ತೆಗೆಯುವಾಗ ತುಆಸ್ ದಾರಿಯ ಬಸ್ಸೇ ಅಂತ ಕೇಳಿ ತೆಗೆಯಿರಿ.

ತೊಂದರೆ ಗಡಿಯಲ್ಲಿ. ಎರಡು ಸಲ ಇಳಿಯಬೇಕು. ಮಲೇಷ್ಯಾ ಬಿಡುವಾಗ ಇಳಿದು ಹತ್ತಬೇಕು. ಸಿಂಗಪುರ ಹೊಗುವಾಗ ಬಸ್ಸಿನಲ್ಲಿರುವ ಎಲ್ಲ ಲಗೇಜ್ ಹೊತ್ತು ಇಳಿದು, ಇಮಿಗ್ರೇಶನ್, ಸ್ಕ್ಯಾನರ್ ಮುಗಿಸಿ, ಆಚೆ ಬದಿಯಲ್ಲಿ ನಿಮ್ಮ ಬಸ್ ಹುಡುಕಿ ಹತ್ತಬೇಕು. ಯಾರಾದರೂ ತಡವಾದರೆ ಬಸ್ ಒಂದಿಷ್ಟು ಹೊತ್ತು ಕಾದು ಹೊರಟುಬಿಡುತ್ತದೆ, ಅದೇ ಸಂಸ್ಥೆಯ ಮುಂದಿನ ಬಸ್ಸಿಗೆ ಕಾಯಬೇಕು. ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆದಿಟ್ಟುಕೊಳ್ಳುವುದು, ಟಿಕೆಟ್ಟನ್ನು ಕೈಯಲ್ಲೇ ಇಟ್ಟುಕೊಳ್ಳುವುದು ಮರೆಯಬಾರದು. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸಿಂಗಪುರದ ಶಾಲಾ ರಜೆಯ ಜೂನ್ ಮತ್ತು ಡಿಸೆಂಬರ್‌ನಲ್ಲಿ ಗಡಿಯಲ್ಲೇ ಎರಡು ಮೂರು ಗಂಟೆ ಹೋಗುವುದುಂಟು.

ಎಪ್ಪತ್ತು ದಾಟಿದವರು, ಮಗು, ಆರು ಜನರ ಲಗೇಜ್ ಅಂದ ಮೇಲೆ ನನ್ನ ಮತ ವಿಮಾನಕ್ಕೇ. ಹೊತ್ತು ಒಂದೇ ಆದರೂ ಮೈಗೆ ಆಗುವ ದಣಿವು ಒಂದೇ ಅಲ್ಲ.

#11 ಕೆರೆದಂಡೆ

ರೈಲು? ಬುಲೆಟ್ ರೈಲು ಬರುತ್ತದೆ, 90 ನಿಮಿಷ ಅಂತ ಓದಿದ ನೆನಪು.

#12 ಹಳಿ ಮೇಲೆ

ಅದು ಬರಲಿಲ್ಲ ಸರ್. 350 ಕಿ.ಮೀ., 90 ನಿಮಿಷದ ಆ ಯೋಜನೆಗೆ 2016ರ ಡಿಸೆಂಬರಿನಲ್ಲಿ ಎರಡು ದೇಶ ಸಹಿ ಹಾಕಿದವು, 2020ರ ಕೊನೆಯ ದಿನ ಒಪ್ಪಂದ ಬಿದ್ದುಹೋಯಿತು. ಮಲೇಷ್ಯಾ ಸಿಂಗಪುರಕ್ಕೆ 10 ಕೋಟಿ ಸಿಂಗಪುರ ಡಾಲರಿಗೂ ಹೆಚ್ಚು ಪರಿಹಾರ ಕಟ್ಟಿತು. ಹಳೆಯ ತಾಣಗಳಲ್ಲಿ ಆ 90 ನಿಮಿಷ ಇನ್ನೂ ಉಳಿದುಕೊಂಡಿದೆ.

ಇರುವ ರೈಲು ಎಂದರೆ ಮಲೇಷ್ಯಾದ ವಿದ್ಯುತ್ ರೈಲು ಇಟಿಎಸ್. ಜೋಡಿ ಹಳಿ, ವಿದ್ಯುದೀಕರಣ ಮುಗಿದು 2025ರ ಡಿಸೆಂಬರಿನಿಂದ ಕೆಎಲ್ ಸೆಂಟ್ರಲ್‌ನಿಂದ ಗಡಿಯ ಊರು ಜೋಹರ್ ಬಾಹ್ರುವಿನ ಜೆಬಿ ಸೆಂಟ್ರಲ್‌ಗೆ ನೇರ ಓಡುತ್ತಿದೆ, ನಾಲ್ಕೂವರೆ ಗಂಟೆಯ ಒಳಗೆ. ಗಾಡಿ ಹಿತವಾಗಿದೆ. ಆದರೆ ಅದು ಗಡಿಯ ಈಚೆಯೇ ನಿಲ್ಲುತ್ತದೆ. ಅಲ್ಲಿಂದ ಕಾಸ್‌ವೇ ದಾಟಲು ಶಟಲ್ ತೆಬ್ರಾವ್ ಅನ್ನುವ ರೈಲು ಐದೇ ನಿಮಿಷ, 5 ರಿಂಗಿಟ್. ಅದರ ಟಿಕೆಟ್ ವಾರಾಂತ್ಯಕ್ಕೆ ಬಹಳ ಮುಂಚೆಯೇ ಖಾಲಿ. ಸಿಗದಿದ್ದರೆ ಸಿಟಿ ಬಸ್. ಗಡಿಗೆ ಒಂದರಿಂದ ಎರಡು ಗಂಟೆ, ವುಡ್‌ಲ್ಯಾಂಡ್ಸ್‌ನಿಂದ ನಗರಕ್ಕೆ ಮೆಟ್ರೋ ಮುಕ್ಕಾಲು ಗಂಟೆ. ಎಲ್ಲ ಸೇರಿ ಏಳು ಗಂಟೆ. ಜೋಹರ್ ಬಾಹ್ರುವಿನ ಬುಕಿತ್ ಚಗಾರ್‌ನಿಂದ ಸಿಂಗಪುರದ ವುಡ್‌ಲ್ಯಾಂಡ್ಸ್ ನಾರ್ತ್‌ಗೆ ಗಡಿ ದಾಟುವ 4 ಕಿ.ಮೀ.ಯ ಆರ್‌ಟಿಎಸ್ ರೈಲು ಮಾರ್ಗ ಓಡಲು ಶುರುವಾದರೆ ಈ ಲೆಕ್ಕ ಬದಲಾಗುತ್ತದೆ. ಅದರಲ್ಲಿ ಎರಡೂ ದೇಶದ ಇಮಿಗ್ರೇಶನ್ ಹೊರಡುವ ನಿಲ್ದಾಣದಲ್ಲೇ ಮುಗಿಯುವ ವ್ಯವಸ್ಥೆ.

#13 ಮುಂಗಾರು ಮೋಡ

ಹವಾಮಾನದ ಬಗ್ಗೆ ಯಾರೂ ಬರೆದಿಲ್ಲ, ತಡವಾಗುವುದಕ್ಕೆ ದೊಡ್ಡ ಕಾರಣ ಅದೇ.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸುಮಾತ್ರಾ ಸ್ಕ್ವಾಲ್ ಅನ್ನುವ ಗುಡುಗುಮಳೆಯ ಸಾಲು ರಾತ್ರಿ ಹೊತ್ತು ಸುಮಾತ್ರಾ ದ್ವೀಪ, ಮಲಾಕಾ ಜಲಸಂಧಿಯ ಮೇಲೆ ಹುಟ್ಟಿ ಪೂರ್ವಕ್ಕೆ ಸರಿಯುತ್ತದೆ. ಬೆಳಗಿನ ಜಾವದಿಂದ ಮಧ್ಯಾಹ್ನದ ಒಳಗೆ ಮಲೇಷ್ಯಾದ ಪಶ್ಚಿಮ ಕರಾವಳಿ, ಸಿಂಗಪುರದ ಮೇಲೆ ಹಾಯುತ್ತದೆ. ಗಾಳಿ ಗಂಟೆಗೆ 40ರಿಂದ 80 ಕಿ.ಮೀ., ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮಧ್ಯಾಹ್ನದ ಮೇಲಿನ ಗುಡುಗುಮಳೆ ಬೇರೆ: ಏಪ್ರಿಲ್–ಮೇ, ಅಕ್ಟೋಬರ್–ನವೆಂಬರ್‌ನಲ್ಲಿ 2 ಗಂಟೆಯಿಂದ 6ರವರೆಗೆ ಜೋರು.

ವಿಮಾನ ಮಳೆಗೆ ಹೆದರುವುದಿಲ್ಲ. ನಿಲ್ಲುವುದು ನೆಲದ ಕೆಲಸ. ಹತ್ತಿರದಲ್ಲಿ ಮಿಂಚಿದರೆ ಲಗೇಜ್ ತುಂಬುವವರು, ಇಂಧನ ಹಾಕುವವರು ಬಯಲಿನಿಂದ ಒಳಗೆ ಬರಬೇಕು, ಅದು ಸುರಕ್ಷತೆಯ ನಿಯಮ. ಹಾರಾಟ 43 ನಿಮಿಷದ್ದಾದರೂ ಗೇಟಿನಲ್ಲೇ ಮುಕ್ಕಾಲು ಗಂಟೆ ಕೂರಬೇಕಾಗುವುದು ಹೀಗೆ. ಇದೇ ಮಾರ್ಗದಲ್ಲಿ ಒಂದೇ ವಿಮಾನ ದಿನಕ್ಕೆ ನಾಲ್ಕೈದು ಸಲ ಅತ್ತಿತ್ತ ಓಡುವುದರಿಂದ ಮಧ್ಯಾಹ್ನದ ತಡ ಸಂಜೆಗೆ, ಸಂಜೆಯದು ರಾತ್ರಿಗೆ ಕೂಡುತ್ತ ಹೋಗುತ್ತದೆ. ಬೆಳಗ್ಗೆ 9ರಿಂದ 12ರ ನಡುವಿನ ವಿಮಾನ ಆರಿಸಿಕೊಂಡರೆ ಈ ಸರಪಳಿ ಇನ್ನೂ ಬೆಳೆದಿರುವುದಿಲ್ಲ.

ಇಷ್ಟು ಕಡಿಮೆ ಹಾರಾಟದಲ್ಲಿ ಸೀಟ್ ಬೆಲ್ಟ್ ದೀಪ ಆರುವುದೇ ಹತ್ತು ಹದಿನೈದು ನಿಮಿಷ. ಮೋಡ ಇದ್ದ ದಿನ ಅದೂ ಇಲ್ಲ. ಮಗುವನ್ನೂ ಹಿರಿಯರನ್ನೂ ಹತ್ತುವ ಮೊದಲೇ ಶೌಚಾಲಯಕ್ಕೆ ಕರೆದೊಯ್ಯಿರಿ. ಏರಿಳಿತ ಬೆನ್ನು ಬೆನ್ನಿಗೇ ಬರುವುದರಿಂದ ಕಿವಿ ಕಟ್ಟುತ್ತದೆ, ಮಗುವಿಗೆ ಚೀಪಲು ಏನಾದರೂ ಇಟ್ಟುಕೊಂಡಿರಿ.

#14 ಕೆರೆದಂಡೆ

ಎರಡು ಊರಿಗೂ ಗಡಿಯಾರದಲ್ಲಿ ಅರ್ಧ ಗಂಟೆ ವ್ಯತ್ಯಾಸ ಇದೆಯಲ್ಲವೇ? ಟಿಕೆಟ್ಟಿನ ಸಮಯ ಅದರಿಂದಲೂ ಬದಲಾಗಬಹುದು.

#15 ಅಕ್ಷಾಂಶ ರೇಖಾಂಶ

ವ್ಯತ್ಯಾಸ ಇಲ್ಲ. ಎರಡೂ ಗ್ರೀನಿಚ್‌ಗಿಂತ 8 ಗಂಟೆ ಮುಂದೆ. ಅರ್ಧ ಗಂಟೆಯ ನೆನಪಿಗೆ ಮೂಲ ಇದು: 1981ರವರೆಗೆ ಪರ್ಯಾಯ ದ್ವೀಪದ ಮಲೇಷ್ಯಾ ಏಳೂವರೆ ಗಂಟೆ ಮುಂದಿತ್ತು, ಬೋರ್ನಿಯೋದ ಸಬಾ, ಸರವಾಕ್ ಎಂಟು. ದೇಶಕ್ಕೆಲ್ಲ ಒಂದೇ ಹೊತ್ತು ಇರಲಿ ಅಂತ 1982ರ ಜನವರಿ 1ರಿಂದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು, ಸಿಂಗಪುರವೂ ಅದೇ ದಿನ ಜೊತೆಗೂಡಿತು. ಸೂರ್ಯನ ಲೆಕ್ಕದಲ್ಲಿ ಎರಡು ಊರೂ 7 ಗಂಟೆಯ ವಲಯದವು. ಹಾಗಾಗಿ ಬೆಳಕಾಗುವುದೇ ಏಳರ ಸುಮಾರಿಗೆ. ಆರು ಗಂಟೆಯ ವಿಮಾನ ಅಂದರೆ ಪೂರ್ತಿ ಕತ್ತಲು, ನಸುಕಿನ ಮಲಾಕಾ ಜಲಸಂಧಿ ನೋಡುವ ಆಸೆ ಇಟ್ಟುಕೊಳ್ಳಬೇಡಿ.

ನಮ್ಮ ಲೆಕ್ಕ ತಪ್ಪುವುದು ಭಾರತದ ಜೊತೆಗಿನ ಎರಡೂವರೆ ಗಂಟೆಯಲ್ಲಿ. ಬೆಂಗಳೂರಿನಿಂದ ಕೆಎಲ್ಐಎ ಸುಮಾರು 2,890 ಕಿ.ಮೀ., ನಾಲ್ಕು ಕಾಲು ಗಂಟೆಯಷ್ಟು. ರಾತ್ರಿ 11:30ಕ್ಕೆ ಬಿಟ್ಟರೆ ನಮ್ಮ ಬೆಳಗಿನ ಜಾವ 3:45, ಅಲ್ಲಿ 6:15. ಸಿಂಗಪುರದಿಂದ ಬೆಂಗಳೂರಿಗೆ ಸುಮಾರು 3,180 ಕಿ.ಮೀ., ನಾಲ್ಕೂವರೆ ಗಂಟೆ. ರಾತ್ರಿ 8ಕ್ಕೆ ಬಿಟ್ಟರೆ ನಮ್ಮ 10ಕ್ಕೆ ಇಳಿಯುತ್ತೀರಿ, ಟಿಕೆಟ್ ನೋಡಿದರೆ ಎರಡೇ ಗಂಟೆಯ ಹಾರಾಟದ ಹಾಗೆ ಕಾಣುತ್ತದೆ.

ಒಂದು ಚೆಂದದ ಸಂಗತಿ. 2,890ಕ್ಕೆ 297 ಕೂಡಿಸಿದರೆ ಹೆಚ್ಚುಕಡಿಮೆ ಆ 3,180ಕ್ಕೇ ಬರುತ್ತದೆ. ಬೆಂಗಳೂರು–ಸಿಂಗಪುರ ನೇರ ಗೆರೆಯ ಮೇಲೆಯೇ ಕೆಎಲ್ಐಎ ಕೂತಿದೆ. ಅಲ್ಲಿ ಇಳಿದು ಹೋದರೆ ದೂರ ಬೆಳೆಯುವುದಿಲ್ಲ, ಹೊತ್ತು ಮಾತ್ರ ಬೆಳೆಯುತ್ತದೆ.

#16 ಪೂರ್ವತೀರ

ಕಾಗದಪತ್ರದ ವಿಷಯ. ಮಲೇಷ್ಯಾಕ್ಕೆ ಭಾರತದ ಪಾಸ್‌ಪೋರ್ಟಿಗೆ 2023ರ ಡಿಸೆಂಬರ್ 1ರಿಂದ 30 ದಿನದವರೆಗೆ ವೀಸಾ ಬೇಡ, ಈ ರಿಯಾಯಿತಿಯನ್ನು 2026ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಎಂಡಿಎಸಿ ಅನ್ನುವ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಅದರ ಮೇಲೆ ಎಸ್‌ಜಿ ಅರೈವಲ್ ಕಾರ್ಡ್. ಎರಡೂ ಕಾರ್ಡ್ ಉಚಿತ. ಹುಡುಕಿದರೆ ಮೊದಲಿಗೆ ಸಿಗುವ ತಾಣಗಳು ದುಡ್ಡು ಕೇಳಿದರೆ ಅದು ಸರ್ಕಾರದ ತಾಣ ಅಲ್ಲ, ಮುಚ್ಚಿ ಹೊರಬನ್ನಿ. ಆರು ಜನಕ್ಕೂ ಬೇರೆ ಬೇರೆ ಕಾರ್ಡ್, ಮಗುವಿಗೂ.

ಸುಂಕದಲ್ಲಿ ಎರಡು ಎಚ್ಚರಿಕೆ. ಮಲೇಷ್ಯಾದಿಂದ ಸಿಂಗಪುರಕ್ಕೆ ಬರುವವರಿಗೆ ಮದ್ಯದ ಮೇಲೆ ಸುಂಕದ ರಿಯಾಯಿತಿ ಇಲ್ಲ, ಕೆಎಲ್ಐಎಯ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಗೂ ಸುಂಕ ಕಟ್ಟಬೇಕು. ಬೆಂಗಳೂರಿನಿಂದ ನೇರ ಬಂದವರ ಅನುಭವ ಕೇಳಿ ಕೊಳ್ಳಬೇಡಿ. ಎರಡನೆಯದು ಹೊಗೆಸೊಪ್ಪು. ಸಿಗರೇಟಿಗೆ ಒಂದಕ್ಕೂ ವಿನಾಯಿತಿ ಇಲ್ಲ. ಗುಟ್ಕಾದಂಥ ಜಗಿಯುವ ತಂಬಾಕು, ವೇಪ್ ನಿಷಿದ್ಧ. ಹಿರಿಯರ ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಉಳಿದಿದೆಯೇ ಅಂತ ಹೊರಡುವ ಮೊದಲು ಒಮ್ಮೆ ನೋಡಿ.

#17 ಪೆಟಾಲಿಂಗ್ ಪೇಟೆ

ಲಗೇಜ್: ಏರ್ ಏಷ್ಯಾದಲ್ಲಿ ಕೈಚೀಲಕ್ಕೆ 7 ಕಿಲೋ, ಸ್ಕೂಟ್‌ನಲ್ಲಿ 10. ಬೆಂಗಳೂರಿನಿಂದ ಬರುವ ದೊಡ್ಡ ವಿಮಾನದಲ್ಲಿ 25–30 ಕಿಲೋ ಒಪ್ಪಿದ್ದರೂ ಈ ಸಣ್ಣ ತುಂಡಿನ ಟಿಕೆಟ್ ಬೇರೆಯಾಗಿದ್ದರೆ ಇಲ್ಲಿ ಬೇರೆಯಾಗಿಯೇ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಮೊದಲೇ ಕೊಂಡರೆ ಅಗ್ಗ, ಕೌಂಟರಿನಲ್ಲಿ ತುಂಬಾ ದುಬಾರಿ. ದರ ಹೋಲಿಸುವಾಗ ಲಗೇಜ್ ಸೇರಿಸಿಯೇ ಹೋಲಿಸಿ. ಹಾಗೆ ಮಾಡಿದರೆ ಎಷ್ಟೋ ಸಲ ಲಗೇಜ್ ಒಳಗೊಂಡಿರುವ ಪೂರ್ಣ ಸೇವೆಯ ಟಿಕೆಟ್ ಅದೇ ಬೆಲೆಗೆ ಬೀಳುತ್ತದೆ. ನೀವು ಹೋಗುವ ದಿಕ್ಕು ಅಗ್ಗದ ದಿಕ್ಕು ಕೂಡ: ಚಾಂಗಿಯಿಂದ ಹೊರಡುವವರಿಗೆ ಹಾಕುವ ಶುಲ್ಕ ಕೆಎಲ್ಐಎಯದಕ್ಕಿಂತ ಹೆಚ್ಚು.

#18 ಪಯಣದ ಪಟ್ಟಿ

ಇನ್ನೊಂದು ಪ್ರಶ್ನೆ. ಸಿಂಗಪುರದಲ್ಲಿ ಉಳಿಯುವುದನ್ನೇ ಬಿಟ್ಟು, ಕೊನೆಯ ದಿನ ಬೆಳಗ್ಗೆ ಕೆಎಲ್‌ನಿಂದ ಹೊರಟು ಅವತ್ತೇ ಮಧ್ಯಾಹ್ನ ಚಾಂಗಿಯಿಂದ ಬೆಂಗಳೂರು ವಿಮಾನ ಹಿಡಿಯುವ ಯೋಚನೆ ಬೇರೆಯವರು ಕೊಟ್ಟರು. 2 ಗಂಟೆ ಅಂತರ ಸಾಕಾ?

#19 ಇಳಿಹಾದಿ

ಬೇರೆ ಬೇರೆ ಟಿಕೆಟ್ ಆದರೆ ಸಾಲದು. ಒಂದೇ ಬುಕಿಂಗ್ ಆಗಿದ್ದರೆ ಲಗೇಜ್ ನೇರ ಮುಂದಿನ ವಿಮಾನಕ್ಕೆ ಹೋಗುತ್ತದೆ, ತಪ್ಪಿದರೆ ಸಂಸ್ಥೆಯೇ ಮುಂದಿನದಕ್ಕೆ ಹತ್ತಿಸಬೇಕು. ಬೇರೆ ಟಿಕೆಟ್‌ನಲ್ಲಿ ಲಗೇಜ್ ನೀವೇ ಹೊರಗೆ ತಂದು ಮತ್ತೆ ಕೊಡಬೇಕು, ಅಂದರೆ ಸಿಂಗಪುರದ ಇಮಿಗ್ರೇಶನ್ ದಾಟಬೇಕು, ಅಂದರೆ ವೀಸಾ ಬೇಕು. ಟರ್ಮಿನಲ್ 4ರಲ್ಲಿ ಇಳಿದು ಬೇರೆ ಟರ್ಮಿನಲ್‌ನಿಂದ ಹೊರಡುವುದಾದರೆ ಶಟಲ್ ಬಸ್ ಬೇರೆ. 43 ನಿಮಿಷದ ಹಾರಾಟ ಅನ್ನುವ ಧೈರ್ಯದಲ್ಲಿ ಜನ ಇಲ್ಲಿ ಎಡವುತ್ತಾರೆ. ಮೇಲೆ ಹೇಳಿದ ಮಿಂಚಿನ ನಿಲುಗಡೆ ಒಂದು ಬಂದರೂ ಎರಡು ಗಂಟೆ ಕರಗಿಹೋಗುತ್ತದೆ. ಐದು ಗಂಟೆ ಇಟ್ಟುಕೊಳ್ಳಿ, ಹಿರಿಯರಿದ್ದಾರೆ ಅಂದ ಮೇಲೆ ಹಿಂದಿನ ರಾತ್ರಿಯೇ ಸಿಂಗಪುರ ಸೇರುವುದು ಇನ್ನೂ ಒಳ್ಳೆಯದು.

#20 ಪಯಣದ ಪಟ್ಟಿ

ಸರಿ, ಆ ಯೋಚನೆ ಬಿಟ್ಟೆವು. ಈಗ ಪಟ್ಟಿ ಹೀಗಿದೆ: ಗುರುವಾರ 7:15ಕ್ಕೆ ಹೋಟೆಲ್‌ನಿಂದ ವ್ಯಾನ್, ಸಂಚಾರ ದಟ್ಟಣೆ ಲೆಕ್ಕ ಹಾಕಿ 8:45ಕ್ಕೆ ಟರ್ಮಿನಲ್ 2, 11:20ರ ವಿಮಾನ, 12:30ಕ್ಕೆ ಚಾಂಗಿ, 1:45ರೊಳಗೆ ಹೊರಗೆ, ಮ್ಯಾಕ್ಸಿಕ್ಯಾಬ್‌ನಲ್ಲಿ ಎರಡೂವರೆಗೆ ಹೋಟೆಲ್. ವೀಲ್‌ಚೇರ್ ಎರಡು ಹಾಕಿಸಿದ್ದೇವೆ. ಅರೈವಲ್ ಕಾರ್ಡ್‌ಗಳನ್ನು ಬೆಂಗಳೂರಿನಿಂದ ಹೊರಡುವ ಮೊದಲೇ ಎರಡೂ ತುಂಬಿಬಿಡುತ್ತೇವೆ.

#21 ಪೂರ್ವತೀರ

ಪಟ್ಟಿ ಚೆನ್ನಾಗಿದೆ ಅಕ್ಕ. ಕೊನೆಯ ಸಾಲು ಮಾತ್ರ ಬದಲಿಸಿ. ಮಲೇಷ್ಯಾದ್ದು ಬೆಂಗಳೂರಿನಲ್ಲೇ ತುಂಬಿ. ಸಿಂಗಪುರದ ಕಾರ್ಡ್ ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಮಾತ್ರ ತೆರೆದುಕೊಳ್ಳುತ್ತದೆ. ನೀವು ತಲುಪುವುದು ಗುರುವಾರವಾದರೆ ಮಂಗಳವಾರದಿಂದ ತುಂಬಬಹುದು, ಆಗ ನೀವು ಕೆಎಲ್‌ನಲ್ಲಿರುತ್ತೀರಿ. ಬುಧವಾರ ರಾತ್ರಿ ಹೋಟೆಲ್ ವೈಫೈನಲ್ಲಿ ಆರು ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಕೂತರೆ ಅರ್ಧ ಗಂಟೆಯ ಕೆಲಸ.